ಪದಚರ್ಚೆ: ‘ಯಾತ್ರಾರ್ಥಿಗಳ ಸ್ವಾಗತ ಕೇಂದ್ರ’ಕ್ಕೆ ಒಳ್ಳೆಯ ಕನ್ನಡ ಇದೆಯೇ?

ಗೆಳೆಯರೆ,

ಒಂದು ಬೋರ್ಡಿಗೆ ಪದ ಬೇಕಾಗಿದೆ.

ಕರಾವಳಿಯ ಒಂದು ಹಳೆಯ ಚರ್ಚಿನವರು ಪಕ್ಕದ ಹಂಚಿನ ಕಟ್ಟಡವನ್ನು ರಿಪೇರಿ ಮಾಡಿಸಿದ್ದಾರೆ. ದೂರದಿಂದ ಬರುವವರು ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಲಿ ಅಂತ. ನಾಲ್ಕು ಬೆಂಚು, ಕುಡಿಯುವ ನೀರು, ಮಗುವಿಗೆ ಹಾಲೂಡಿಸಲು ಒಂದು ಮರೆ, ಚರ್ಚಿನ ಕತೆ ಹೇಳಲು ಒಬ್ಬರು. ಬಾಗಿಲ ಮೇಲೆ ಬರೆಸಲು ನನಗೆ ಕಳಿಸಿದ ಕರಡು ಹೀಗಿದೆ: ‘ಕ್ರೈಸ್ತ ಯಾತ್ರಾರ್ಥಿಗಳ ಸ್ವಾಗತ ಕೇಂದ್ರ’. ತಪ್ಪೇನಿಲ್ಲ. ಆದರೆ ಓದಿದ ಕೂಡಲೇ ಒಳಗೊಂದು ಕೌಂಟರ್ ಇದೆ, ಆಧಾರ್ ಕೇಳುತ್ತಾರೆ ಅನ್ನಿಸುತ್ತದೆ, ಅಲ್ವಾ?

ಮೊದಲು ‘ಯಾತ್ರಾರ್ಥಿ’ಯನ್ನೇ ನೋಡೋಣ. ಕಾರ್ಕಳದ ಹತ್ತಿರ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಹೋದವರಿಗೆ ನನ್ನ ತಕರಾರು ಅರ್ಥವಾಗುತ್ತದೆ. 1759ರಲ್ಲಿ ಶುರುವಾದ ಚರ್ಚು ಅದು. 2016ರಲ್ಲಿ ಬಸಿಲಿಕ ಆಯಿತು, ಅಂದರೆ ಪೋಪ್ ಕೊಡುವ ವಿಶೇಷ ಗೌರವದ ಪದವಿ ಸಿಕ್ಕಿತು. ಸಂತ ಲಾರೆನ್ಸರ ದಿನ ಆಗಸ್ಟ್ 10, ಆಗ ಅಲ್ಲಿ ಧೋ ಎಂದು ಮಳೆ. ಜನ ಸೇರುವ ದೊಡ್ಡ ಹಬ್ಬ ಜನವರಿಯ ಕೊನೆಗೆ. ಪೇಪರಿನಲ್ಲಿ ಅದು ‘ವಾರ್ಷಿಕ ಮಹೋತ್ಸವ’, ಸುತ್ತಲಿನ ಕ್ರೈಸ್ತರ ಬಾಯಲ್ಲಿ ‘ಸಾಂತ್‌ಮಾರಿ’, ಉಳಿದ ಎಲ್ಲರಿಗೂ ‘ಅತ್ತೂರು ಜಾತ್ರೆ’. ಒಂದೇ ಅಂಗಳ, ಮೂರು ಹೆಸರು.

ಒಂದು ಸಲ ಅಲ್ಲಿ ಮೊಂಬತ್ತಿ ಅಂಗಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಹಣೆ ತುಂಬ ಕುಂಕುಮ ಇಟ್ಟ ಒಬ್ಬ ಅಜ್ಜಿ. ಕೊಂಡ ಮೊಂಬತ್ತಿ ಬಿಸಿಲಿಗೆ ಬಾಗದಿರಲಿ ಅಂತ ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು. ಆದರೂ ಅದು ಬಾಳೆಕಾಯಿಯ ಹಾಗೆ ಸ್ವಲ್ಪ ಬಾಗಿತ್ತು. ‘ಯಾತ್ರೆಗೆ ಬಂದದ್ದಾ?’ ಅಂತ ಕೇಳಿದೆ. ‘ಎಂತ ಯಾತ್ರೆ? ಒಂದು ಹರಕೆ ಉಂಟು ಮಾರಾಯ’ ಅಂದರು. ಅಜ್ಜಿಗೆ ಯಾತ್ರೆ ಅಂದರೆ ಕಾಶಿ. ಹೀಗೆ ಬರುವವರು ಬೇಕಾದಷ್ಟು ಜನ. ಬೋರ್ಡಿನ ಮೊದಲ ಪದವೇ ‘ಕ್ರೈಸ್ತ’ ಆದರೆ ಅವರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಹಾಗಾಗಿ ಆ ಪದವನ್ನು ನಾನು ಹೊಡೆದುಹಾಕಿದೆ. ಚರ್ಚಿನವರೂ ಒಪ್ಪಿದರು.

‘ಯಾತ್ರಿಕ’ ಅಷ್ಟು ದೂರದ ಪದವಲ್ಲ ಅಂತ ಒಬ್ಬ ಗೆಳೆಯರ ವಾದ. ಕ್ಯಾಥೊಲಿಕ್ ಚರ್ಚು ಆಚರಿಸಿದ 2025ರ ಜೂಬಿಲಿ ವರ್ಷದ ಘೋಷಣೆಯಲ್ಲೇ (‘ಭರವಸೆಯ ಯಾತ್ರಿಕರು’) ಯಾತ್ರಿಕರು ಇದ್ದರಲ್ಲ ಅನ್ನುತ್ತಾರೆ. ಸರಿ, ಒಪ್ಪುತ್ತೇನೆ. ‘ಪ್ರವಾಸಿ’ಗಿಂತ ಅದು ವಾಸಿ. ಪ್ರವಾಸಿ ಅಂದರೆ ಫೋಟೊ ತೆಗೆದು ಹೊರಡುವವನು. ‘ಭಕ್ತಾದಿಗಳು’ ನನಗೆ ಮೈಕಿನ ಪದ. ‘ಭಕ್ತಾದಿಗಳು ಸಾಲಿನಲ್ಲಿ ಬರಬೇಕು’ ಎಂದು ಕೂಗಿದಂತೆ ಕೇಳುತ್ತದೆ. ‘ಪಾದಯಾತ್ರೆ’ಯನ್ನಂತೂ ರಾಜಕಾರಣಿಗಳು ಕೊಂಡುಕೊಂಡಿದ್ದಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಣ್ಣದ ಬಟ್ಟೆ ಉಟ್ಟು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೆ ನಡೆದು ಬರುವವರಿಗೆ ಆ ಪದ ವಾಪಸ್ ಸಿಗಬೇಕು.

ಇನ್ನು ‘ಸ್ವಾಗತ’. ಇದೇ ನನಗೆ ಜಾಸ್ತಿ ಕಾಡಿದ ಪದ. ಕನ್ನಡದಲ್ಲಿ ಬಂದವರನ್ನು ನಾವು ‘ಸ್ವಾಗತಿಸುವುದು’ ವೇದಿಕೆಯ ಮೇಲೆ ಮಾತ್ರ. ಮನೆಯಲ್ಲಾದರೆ ‘ಬನ್ನಿ, ಕೂತ್ಕೊಳ್ಳಿ’. ಕರಾವಳಿಯಲ್ಲಿ ಬಾಯಿಮಾತಿಗೂ ಮುಂಚೆ ಬೆಲ್ಲ ನೀರು ಬರುತ್ತದೆ. ಹಳೆಯ ಕನ್ನಡ ಬೈಬಲ್ಲಿನಲ್ಲಿ, ಮತ್ತಾಯನ 25ನೇ ಅಧ್ಯಾಯದಲ್ಲಿ, ಯೇಸು ‘ಪರದೇಶಿಯಾಗಿದ್ದೆನು, ನನ್ನನ್ನು ಸೇರಿಸಿಕೊಂಡಿರಿ’ ಅನ್ನುತ್ತಾನೆ. ‘ಪರದೇಶಿ’ ಈಗ ಬೈಗುಳವಾಗಿಬಿಟ್ಟಿದೆ, ಅದು ಬೇರೆ ಮಾತು. ಆದರೆ ಆ ‘ಸೇರಿಸಿಕೊಂಡಿರಿ’ ನೋಡಿ. ಯಾರು ಅನುವಾದಿಸಿದರೋ, ಅವರಿಗೊಂದು ನಮಸ್ಕಾರ. ಹಾರವಿಲ್ಲ, ಭಾಷಣವಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟ ಹಾಗಿದೆ. ಬೇಜಾರೆಂದರೆ ಈ ಕ್ರಿಯಾಪದದಿಂದ ಬೋರ್ಡಿಗೆ ಆಗುವಂಥ ನಾಮಪದ ಹುಟ್ಟುವುದಿಲ್ಲ. ‘ಸೇರಿಸಿಕೊಳ್ಳುವಿಕೆ’ ಅಂತ ಬರೆದರೆ ಪೇಂಟರ್ ಕೂಡ ನಗುತ್ತಾನೆ.

ಹಾಗಾಗಿ ಕ್ರಿಯೆಯನ್ನು ಬಿಟ್ಟು ಜಾಗದ ಹೆಸರಿಗೆ ಹೋದೆ. ‘ಅರವಟ್ಟಿಗೆ’ ಮನಸ್ಸಿಗೆ ಬಂತು. ‘ಅಱ’ ಅಂದರೆ ಧರ್ಮ. ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ತಾಣ ಅದು. ಆದರೆ ಇಲ್ಲಿ ನೀರಷ್ಟೇ ಅಲ್ಲವಲ್ಲ. ‘ಛತ್ರ’ ಅಂದರೆ ಈಗ ಮದುವೆಯ ಊಟ. ಕೊನೆಗೆ ‘ಜಗಲಿ’ಗೆ ಬಂದು ನಿಂತೆ. ಬಳೆಗಾರ ಬರಲಿ, ಮಳೆಗೆ ಸಿಕ್ಕಿದವನು ಬರಲಿ, ಜಗಲಿಯಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ‘ಯಾತ್ರಿಕರ ಜಗಲಿ’. ಚೆನ್ನಾಗಿದೆ ಅಂದುಕೊಂಡು ಕಳಿಸಿಯೂ ಬಿಟ್ಟೆ.

ಚರ್ಚಿನ ಸಮಿತಿಯಲ್ಲಿದ್ದ ಒಬ್ಬ ಹಿರಿಯರು ಫೋನ್ ಮಾಡಿದರು. ‘ಜಗಲಿ ಬೇಡ. ನಮ್ಮಪ್ಪನನ್ನು ಊರಿನ ದೊಡ್ಡ ಮನೆಯವರು ಜಗಲಿಗೂ ಹತ್ತಿಸುತ್ತಿರಲಿಲ್ಲ. ಹತ್ತಿಸಿದವರು ಅಲ್ಲೇ ಕೂರಿಸುತ್ತಿದ್ದರು’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪಣೆ ಬೇಡದ ಜಾಗ ಅಂತ ನಾನು ಬರೆದದ್ದು ನಮ್ಮ ಮನೆಯ ಜಗಲಿಯನ್ನು ನೆನೆದು. ಅವರಿಗೆ ಅದು ಒಳಗೆ ಬಿಡದ ಜಾಗ.

ಅವರೇ ಸೂಚಿಸಿದ್ದು ‘ಚಾವಡಿ’. ತುಳುನಾಡಿನಲ್ಲಿ ಚಾವಡಿ ಅಂದರೆ ದೊಡ್ಡ ಮನೆಯ ಮುಖ್ಯ ಕೋಣೆ, ಮರ್ಯಾದೆಯ ಜಾಗ. ‘ಎಲ್ಲರನ್ನೂ ಚಾವಡಿಯಲ್ಲೇ ಕೂರಿಸುವ’ ಅಂದರು. ನನಗೆ ಬಹಳ ಹಿಡಿಸಿತು. ತೊಡಕು ಒಂದೇ. ಘಟ್ಟದ ಮೇಲಿನವರಿಗೆ ಚಾವಡಿ ಅಂದರೆ ಊರ ಕಚೇರಿ, ಪಂಚಾಯ್ತಿಕಟ್ಟೆ. ಮೈಸೂರು, ಹಾಸನದ ಕಡೆಯಿಂದ ಬಂದವರು ಓದಿ ‘ಇಲ್ಲೇನು ನ್ಯಾಯ ನಡೀತಿದೆಯಾ?’ ಅಂದುಕೊಂಡಾರು. ಮತ್ತೆ ಕೌಂಟರ್, ಮತ್ತೆ ಆಧಾರ್!

ಘಟ್ಟದ ಮೇಲಿನ ಗೆಳೆಯರು ದಯವಿಟ್ಟು ಹೇಳಿ: ‘ಯಾತ್ರಿಕರ ಚಾವಡಿ’ ಅಂತ ಓದಿದರೆ ನಿಮಗೆ ಒಳಗೆ ಹೋಗಿ ಕೂರಬೇಕು ಅನ್ನಿಸುತ್ತದೋ, ಇಲ್ಲವೋ? ‘ಪಡಸಾಲೆ’ ಇದಕ್ಕಿಂತ ವಾಸಿಯೇ? ನಿಮ್ಮ ಕಡೆ ಬಂದವರನ್ನು ಮನೆಯೊಳಗೆ ಕರೆದು ಕೂರಿಸುವ ಜಾಗಕ್ಕೆ ಬೇರೆ ಏನಾದರೂ ಹೆಸರಿದ್ದರೆ ಅದನ್ನೂ ಬರೆಯಿರಿ. ಹಲಗೆ ನಾಲ್ಕಡಿ ಅಗಲ, ಎರಡು ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ. ಪೇಂಟರ್ ಶನಿವಾರ ಬರುತ್ತಾನೆ.