ಟ್ರೈಗ್ಲಿಸರೈಡ್ 640: ಎರಡು ಮಾತ್ರೆ ಒಟ್ಟಿಗೆ ತೆಗೆದುಕೊಂಡವರ ಅನುಭವ ಬೇಕು

ಪ್ರಶ್ನೆ: ನಮ್ಮ ತಂದೆಯವರಿಗೆ ಐವತ್ತೆಂಟು ವರ್ಷ, ಸಕ್ಕರೆ ಕಾಯಿಲೆಯಿದೆ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 640 ಬಂದಿದ್ದು, ವೈದ್ಯರು ಅದನ್ನು ಇಳಿಸುವ ಫೆನೋಫೈಬ್ರೇಟ್ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ರೋಸುವಾಸ್ಟಾಟಿನ್ ಬರೆದುಕೊಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಸ್ನಾಯುಗಳು ಹಾಳಾಗುತ್ತವೆಂದು ನೆಂಟರು ಹೆದರಿಸುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಾಲ್ಕು ವರ್ಷಗಳ ಹಿಂದೆ ನನಗೆ 710 ಇತ್ತು. ಕೊಲೆಸ್ಟ್ರಾಲ್ ಎಂದರೆ ಹೃದಯದ ಚಿಂತೆಯೆಂದಷ್ಟೇ ತಿಳಿದಿದ್ದ ನನಗೆ, ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯವೂ ಇರುವುದರಿಂದ ಅದನ್ನು ಮೊದಲು ಇಳಿಸಬೇಕೆಂದು ವೈದ್ಯರು ಬಿಡಿಸಿ ಹೇಳಿದ ಮೇಲೆಯೇ ಫೆನೋಫೈಬ್ರೇಟ್ ಏಕೆಂಬುದು ಅರ್ಥವಾಯಿತು. ಹೃದಯಾಘಾತವನ್ನು ತಡೆಯುವ ಮುಖ್ಯ ಹೊಣೆ ಸ್ಟ್ಯಾಟಿನ್‌ನದೇ. ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಸ್ಟ್ಯಾಟಿನ್ ಜೊತೆ ಸೇರಿದಾಗ ಸ್ನಾಯುಗಳಿಗೆ ಹೆಚ್ಚು ತೊಂದರೆ ಕೊಡುವುದು ಫೆನೋಫೈಬ್ರೇಟ್‌ನ ಗುಂಪಿಗೇ ಸೇರಿದ ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಮಾತ್ರೆ, ಫೆನೋಫೈಬ್ರೇಟ್‌ನಲ್ಲಿ ಆ ಅಪಾಯ ಬಹಳ ಕಡಿಮೆ. ಇದು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತದ ಅಂಶ) ಏರಿಸಬಹುದಾದ್ದರಿಂದ ಮೂತ್ರಪಿಂಡದ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ.

ಇನ್ನೊಂದು ಮಾತು. ನನ್ನ ವರದಿಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎದುರು ಬರೀ ಒಂದು ಅಡ್ಡಗೆರೆಯಿತ್ತು. ಟ್ರೈಗ್ಲಿಸರೈಡ್ 400 ಮೀರಿದಾಗ ಎಲ್‌ಡಿಎಲ್ ಲೆಕ್ಕಹಾಕುವ ಸಾಮಾನ್ಯ ಸೂತ್ರ ನಂಬಲರ್ಹವಲ್ಲವಂತೆ; ನೇರವಾಗಿ ಅಳೆಯುವ ಪರೀಕ್ಷೆಯನ್ನು ಕೇಳಿ ಮಾಡಿಸಬೇಕಾಯಿತು. ಮೂರು ತಿಂಗಳಿಗೆ ನನ್ನದು 230ಕ್ಕೆ ಇಳಿಯಿತು. ಅದರ ಶ್ರೇಯಸ್ಸು ಮಾತ್ರೆಗೆಷ್ಟು, ಸಕ್ಕರೆ ಹಿಡಿತಕ್ಕೆ ಬಂದದ್ದಕ್ಕೆಷ್ಟು, ವಾರಾಂತ್ಯದ ಮದ್ಯವನ್ನು ಬಿಟ್ಟದ್ದಕ್ಕೆಷ್ಟು ಎಂದು ಹೇಳಲಾರೆ, ಆದರೆ ಮದ್ಯದ ಪಾಲು ಸಣ್ಣದಲ್ಲವೆಂಬುದು ನನ್ನ ಗುಮಾನಿ.

ಉತ್ತರ 2: ಸ್ನಾಯುನೋವಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ರೋಸುವಾಸ್ಟಾಟಿನ್ 20 ಮಿಲಿಗ್ರಾಂ ಆರಂಭಿಸಿದ ಎರಡನೆಯ ತಿಂಗಳಲ್ಲಿ ಎರಡೂ ತೊಡೆಗಳಲ್ಲಿ ನೋವು ಕಾಣಿಸಿಕೊಂಡು, ನೆಲದಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ. 84ಕ್ಕೆ ಇಳಿದಿದ್ದ ಎಲ್‌ಡಿಎಲ್ ಎರಡೇ ತಿಂಗಳಲ್ಲಿ 151 ಆಯಿತು. ಆಗ ವೈದ್ಯರು ಬೈಯಲಿಲ್ಲ, ಸಿಪಿಕೆ (ಸ್ನಾಯುಗಳಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಮತ್ತು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಬರೆದರು. ಥೈರಾಯ್ಡ್ ಕುಂದಿರುವುದು ತಿಳಿದದ್ದು ಆಗಲೇ. ಅದೊಂದೇ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಸ್ಟ್ಯಾಟಿನ್‌ನಿಂದ ಸ್ನಾಯುನೋವು ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಥೈರಾಯ್ಡ್ ಸರಿಹೋದ ಮೇಲೆ 5 ಮಿಲಿಗ್ರಾಂನಿಂದ ಮತ್ತೆ ಆರಂಭಿಸಿದೆವು. ಈಗ 10ರಲ್ಲಿದ್ದೇನೆ, ನೋವಿಲ್ಲ. ತಂದೆಯವರಿಗೆ ಟಿಎಸ್‌ಎಚ್ ನೋಡಿಸಿದ್ದೀರಾ? ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕೆಂದು ನನಗೆ ಹೇಳಿದ್ದರು.