ಸಹಾಯ ಬೇಕು: ಹಸಿ ಜಕರಂಡ ದಿಮ್ಮಿ ಸೀಳದಂತೆ ತಡೆಯುವುದು ಹೇಗೆ?

ಜಯನಗರದಲ್ಲಿ ಗಾಳಿಮಳೆಗೆ ಬಿದ್ದ ಜಕರಂಡದ ದಿಮ್ಮಿಗಳಿವೆ, 10 ಇಂಚು ದಪ್ಪ. ಲೇತ್‌ನಲ್ಲಿ (ಮರವನ್ನು ತಿರುಗಿಸುತ್ತ ಕೆತ್ತುವ ಯಂತ್ರ) ಬಟ್ಟಲು ಕಡೆಯಬೇಕು. ಕೊಯ್ದ ಎರಡನೇ ದಿನಕ್ಕೇ ತಿರುಳಿನಿಂದ ತೊಗಟೆಯ ಕಡೆಗೆ ಕೂದಲೆಳೆಯಂಥ ಬಿರುಕು. ಕೊಯ್ದ ತುದಿ ಬೇಗ ಆರುತ್ತದೆ, ಒಳಗೆ ಹಸಿಯೇ ಇರುತ್ತದೆ. ಮೇಲಾಗಿ ಮರ ಸುತ್ತಳತೆಯಲ್ಲೇ ಹೆಚ್ಚು ಕುಗ್ಗುತ್ತದೆ, ಸೀಳುವುದು ಅದಕ್ಕೇ. ಬಿರುಕಿನ ತುದಿ ಕತ್ತರಿಸಿ, ತಿರುಳು ತೆಗೆದು ಉದ್ದಕ್ಕೆ ಎರಡು ಹೋಳು ಮಾಡಿ, ತುದಿಗಳಿಗೆ ಕರಗಿಸಿದ ಮೇಣ ಬಳಿದು ನೆರಳಲ್ಲಿಟ್ಟಿದ್ದೇವೆ.

ಇನ್ನು ಬಟ್ಟಲಿನ ಗೋಡೆಯನ್ನು ಒರಟಾಗಿ 1 ಇಂಚು ದಪ್ಪಕ್ಕೆ, ಅಂದರೆ ಬಟ್ಟಲಿನ ಅಗಲದ ಹತ್ತನೇ ಒಂದು ಭಾಗಕ್ಕೆ ಕಡೆದು, ಅದೇ ಮರದ ಹೊಟ್ಟಿನೊಂದಿಗೆ ಕಾಗದದ ಚೀಲದಲ್ಲಿಟ್ಟು, ವಾರಕ್ಕೊಮ್ಮೆ ತೂಗುವ ಯೋಚನೆ. ತೂಕ ಇಳಿಯುವುದು ನಿಂತ ಮೇಲೆ ಕೊನೆಯ ಕಡೆತ.

ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಹೊಟ್ಟನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ? ತೇವಾಂಶ ಅಳೆಯುವ ಮೀಟರ್ ಯಾರಾದರೂ ಎರವಲು ಕೊಡುವಿರಾ? ದಯವಿಟ್ಟು ತಿಳಿಸಿ, ಇಂಥ ಮರ ಸೌದೆಯಾಗಬಾರದು.