ಕಡಪಾ ಕಟ್ಟಿ ಕೆಳಗ ಟ್ರಾಲಿ ಹಿಂದ ಸಿಕ್ಕೋತಾವ, ಅಳತಿ ಎಲ್ಲಿ ತಪ್ಪೇದ?

ಸಪ್ತಾಪುರ_ಇಂಟೀರಿಯರ್:
ಧಾರವಾಡದಾಗಿನ ಹಳೇ ಮನಿ. ಅಡಗಿಮನಿ ಕಟ್ಟಿ ಗ್ರಾನೈಟಿಂದು, ಕೆಳಗ ಆಸರಕ್ಕ ನಿಲ್ಲಿಸಿದ್ದು ಕಡಪಾ ಕಲ್ಲು, ನಾಲ್ಕು ಖಾನೆ. ಕಟ್ಟಿ ಒಡಿಯೋದು ಬ್ಯಾಡ, ಇದ್ದ ಖಾನೆದಾಗ ಸ್ಟೀಲ್ ಟ್ರಾಲಿ (ಹೊರಗ ಎಳಿಯೋ ಬುಟ್ಟಿ) ಕೂಡಿಸ್ರಿ ಅಂತ ಮನಿಯವರ ಮಾತು. ಎರಡನೇ ಖಾನೆ ಮುಂದ 520 ಎಂಎಂ ಬಂತು, ಅದಕ್ಕ 19 ಇಂಚಿನ ಬುಟ್ಟಿ ತರಿಸೇದ. ಚಾನೆಲ್ (ಬುಟ್ಟಿ ಸರಿಯೋ ಬಾಜೂ ಪಟ್ಟಿ) ಹಚ್ಚಿ ದಬ್ಬಿದ್ರ ಮುಕ್ಕಾಲು ಹೋಗಿ ನಿಲ್ತದ. ಹಿಂದ ಅಳದ್ರ 505. ಕಡಪಾಕ್ಕ ನೇರ ಚಾನೆಲ್ ಹೊಡಿಬಹುದೋ, ಒಳಗ ಪ್ಲೈ ಬಾಕ್ಸ್ ಮಾಡಬೇಕೋ? ಮತ್ತ ರೊಟ್ಟಿ ತಟ್ಟಲಿಕ್ಕೆ ಬ್ಯಾರೆ ಜಾಗಾ ಬೇಕಂತ. ಎಷ್ಟು ಎತ್ತರ ಇಡಬೇಕು?

ಬಡಗಿ_ಗದಗ:
ಲೆಕ್ಕ ಮಾಡಿ ನೋಡ್ರಿ. 19 ಇಂಚು ಅಂದ್ರ 483 ಎಂಎಂ. ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಬಾಜೂ 12.7. ಕೂಡಿಸಿದ್ರ 508.4 ಬೇಕು. ಹಿಂದ ಇರೋದೇ 505, ಹ್ಯಾಂಗ ಹೋಗತೈತಿ?

ಗೌಂಡಿ ಕಡಪಾ ನಿಲ್ಲಿಸುವಾಗ ಮುಂದಿನ ಅಂಚಿಗೆ ಓಳಂಬ (ನೇರ ನೋಡೋ ತೂಕದ ದಾರ) ಹಿಡೀತಾನ. ಗ್ವಾಡಿ ಗಿಲಾವ್‌ದಾಗ ಹುಗಿದ ಹಿಂದಿನ ತುದಿ ಯಾರೂ ನೋಡಂಗಿಲ್ಲ. ಅದೂ ಅಲ್ಲದ ಕಡಪಾ ಕಲ್ಲಿಗೆ ಪಾಲಿಶ್ ಇರೋದು ಒಂದ ಬಾಜೂ. ಇನ್ನೊಂದು ಬಾಜೂ ಒರಟು, ಅಲ್ಲೆ ದಪ್ಪ ಒಂದಕ ಒಂದು ಇರಂಗಿಲ್ಲ. ಅದಕ್ಕ ಪ್ರತಿ ಖಾನೆಗೆ ಆರು ಅಳತಿ ತಗೋರಿ: ಮುಂದ ಮೂರು, ಹಿಂದ ಮೂರು, ಮ್ಯಾಲ-ನಡಕ-ಕೆಳಗ. ಎಲ್ಲಕ್ಕಿಂತ ಸಣ್ಣದು ಯಾವುದೋ ಅದ ಖರೆ ಅಳತಿ. ಆಳ ಅಳೆಯೋವಾಗ ಹಿಂದಿನ ನೀರಿನ ಪೈಪಿನತನಕ ಮಾತ್ರ ಅಳೀರಿ. ಬುಟ್ಟಿ 20 ಇಂಚು ಆಳ ಇರತೈತಿ, ಪೈಪಿಗೆ ಬಡದ್ರ ಬಾಗಿಲ ಮುಚ್ಚಂಗಿಲ್ಲ.

ನಿಮ್ಮ ಖಾನೆಗೆ 17 ಇಂಚಿನ ಬುಟ್ಟಿ ತಗೋರಿ. 432ಕ್ಕ ಚಾನೆಲ್ ಕೂಡಿ 458 ಹಿಡೀರಿ. ಪ್ಲೈ ಬಾಕ್ಸ್ ಹೊರಗಿನ ಅಗಲ 500, ಎರಡೂ ಬಾಜೂ 18 ಎಂಎಂ ಪ್ಲೈ ಹೋದ್ರ ಒಳಗ 464 ಉಳಿತೈತಿ. ಹೆಚ್ಚಾದ 6 ಎಂಎಂಗೆ ಚಾನೆಲ್ ಹಿಂದ ಬಾಜೂಕ್ಕ 3ರಂಗ ಪ್ಯಾಕಿಂಗ್ ಕೊಡ್ರಿ. ಮುಂದ ಬಾಕ್ಸ್‌ಗೂ ಕಲ್ಲಿಗೂ ನಡುವ ಉಳಿಯೋ ಸಂದು ಕಾಣಬಾರದಂದ್ರ ಬಾಗಿಲು ಕಡಪಾ ಅಂಚಿನ ಮ್ಯಾಲ ಬರೂಹಂಗ ಕೂಡಿಸ್ರಿ.

ಹುಬ್ಬಳ್ಳಿ_ಫಿಟ್ಟರ್:
ನೇರ ಕಡಪಾಕ್ಕ ಹೊಡಿಯೋದು ನಾ ಒಪ್ಪಂಗಿಲ್ಲ. ಕಡಪಾ ಪದರ ಪದರ ಇರೋ ಕಲ್ಲು. ಡ್ರಿಲ್ ಹ್ಯಾಮರ್ ಮ್ಯಾಲ ಇಟ್ರ ಆಚಿ ಬಾಜೂ ಅಂಗೈ ಅಗಲ ಚಕ್ಕಿ ಎದ್ದು ಬೀಳತೈತಿ. ಅದೂ ಅಲ್ಲದ ಒಂದ ಕಲ್ಲಿಗೆ ಎರಡೂ ಖಾನೆ ಚಾನೆಲ್ ಬರ್ತಾವ. ಒಂದ ಎತ್ತರಕ್ಕ ಎರಡೂ ಕಡೆಯಿಂದ ತೂತು ಹೊಡದ್ರ ನಡುವ ಕೂಡಿ ಪ್ಲಗ್ ಸಡಲ ಆಗತಾವ. ಭಾಂಡೆ ತುಂಬಿದ ಬುಟ್ಟಿ ಭಾರಕ್ಕ ನಾಲ್ಕೈದು ತಿಂಗಳದಾಗ ಚಾನೆಲ್ ಜೋತ ಬೀಳತೈತಿ.

ಬಾಕ್ಸ್ ಮಾಡಾಕ ಜಾಗಾನ ಇಲ್ಲಂದ್ರ ಮಾತ್ರ ಹೊಡೀರಿ. ಹ್ಯಾಮರ್ ಬಂದ್ ಮಾಡಿ, ನೀರು ಹನಸ್ಕೋತ, 6 ಎಂಎಂ ಬಿಟ್ಟಿನಲೆ ನಿಧಾನಕ. ಆಚಿ ಬಾಜೂ ತೂತಿಗಿಂತ ಕನಿಷ್ಠ ಒಂದು ಇಂಚು ಮ್ಯಾಲ-ಕೆಳಗ ಇರಲಿ.

ಕೇಶ್ವಾಪುರ_ಡಿಸೈನ್:
ರೊಟ್ಟಿ ಕಟ್ಟಿ ಬಗ್ಗೆ. ಮಾಮೂಲಿ 34 ಇಂಚಿನ ಕಟ್ಟಿ ಹೆಚ್ಚೋದಕ್ಕ ಅಡ್ಡಿ ಇಲ್ಲ, ತಟ್ಟೋದಕ್ಕ ಎತ್ತರ ಆಗತೈತಿ. ತಟ್ಟುವಾಗ ಕೈಗೆ ಮೈಭಾರ ಬೀಳಬೇಕು; ಇಲ್ಲಂದ್ರ ಹೆಗಲು ಎತ್ತಿ ತಟ್ಟಬೇಕಾಗತೈತಿ, ಹತ್ತನೇ ರೊಟ್ಟಿಗೆ ಕುತ್ತಿಗಿ ನೋವು ಶುರು. ತಟ್ಟೋರನ್ನ ನಿಲ್ಲಿಸಿ ನೆಲದಿಂದ ಮೊಳಕೈತನಕ ಅಳೀರಿ, ಅದರಾಗ 8 ಇಂಚು ಕಳೀರಿ. ಐದು ಫೂಟ್ ಎತ್ತರದವರಿಗೆ ಸುಮಾರು 30 ಇಂಚು ಬರತೈತಿ. ಕೊಣಮಿಗಿದಾಗ (ಹಿಟ್ಟು ನಾದೋ ಅಗಲ ಪರಾತದಾಗ) ತಟ್ಟೋರಾದ್ರ ಅದರ ತಳದ ದಪ್ಪಾನೂ ಕಳೀಬೇಕು. ಈ ಅಳತಿ ಅತ್ತಿಯವರದೋ ಸೊಸಿದೋ ಅಂತ ಮೊದಲ ಕೇಳಿ ಬರಕೋರಿ, ದಿನಾ ತಟ್ಟೋರ್‍ದ ಹಿಡೀರಿ.

ಚಾನೆಲ್ ಮ್ಯಾಲ ಹೊರಗ ಎಳಿಯೋ ಹಲಗಿ ಕೇಳತಾರ, ಕೊಡಬ್ಯಾಡ್ರಿ. ಪ್ರತಿ ಪೆಟ್ಟಿಗೂ ಅಲ್ಲಾಡತೈತಿ. ಗಟ್ಟಿ ಕಲ್ಲು ಬೇಕು, 30 ಇಂಚು ಉದ್ದ 18 ಇಂಚು ಅಗಲ ಸಾಕು, ಒಲಿ ಪಕ್ಕಕ್ಕ. ಅದರ ಕೆಳಗ ಟ್ರಾಲಿ ಹಾಕಬ್ಯಾಡ್ರಿ. ಜ್ವಾಳದ ಹಿಟ್ಟು ಚಾನೆಲ್ ಗ್ರೀಸಿಗೆ ಹತ್ತಿ ಕಣಕದಂಗ ಆಗಿ ಗೋಲಿ ತಿರಗಂಗಿಲ್ಲ. ಬರೇ ಬಾಗಿಲು, ಒಳಗ ಹಿಟ್ಟಿನ ಡಬ್ಬಿ.

ಸಿಲಿಂಡರ್ ಖಾನೆ ಬಾಗಿಲಿಗೆ ಕೆಳಗಡೆ ಜಾಳಿ ಇರಲೇಬೇಕು. ಅಡಗಿ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ನೆಲಕ್ಕ ಕೂಡತೈತಿ.

ಸಪ್ತಾಪುರ_ಇಂಟೀರಿಯರ್:
17 ಇಂಚಿಂದೇ ತರಸ್ತೀನ್ರಿ. ಪ್ಲೈ ಯಾವುದು? ಸಿಂಕ್ ಖಾನೆಗೂ ಅದೇ ಸಾಕೇನು?

ಬಡಗಿ_ಗದಗ:
ಐಎಸ್ 710 (ನೀರು ತಡಿಯೋ ಮರೀನ್ ಪ್ಲೈ ಗುರುತು) ಅಂತ ಹಾಳಿ ಮ್ಯಾಲ ಛಾಪ ಇರೋದನ್ನ ನೋಡಿ ತಗೋರಿ. ಐಎಸ್ 303ದಾಗ ಎಂಆರ್ (ಬರೇ ತೇವ ತಡಿಯೋದು) ಅಂತ ಬರೋದು ಅಡಗಿಮನಿಗೆ ಬ್ಯಾಡ. 710 ಇದ್ರೂ ಕೊಯ್ದ ಅಂಚು ಬಿಚ್ಚಿ ಬಿಡಬ್ಯಾಡ್ರಿ, ನೀರು ಕುಡಿಯೋದು ಅಲ್ಲಿಂದನ. ಕಣ್ಣಿಗೆ ಕಾಣದ ಹಿಂದಿನ ಅಂಚಿಗೂ ಪಟ್ಟಿ ಹಚ್ಚಸ್ರಿ. ಧಾರವಾಡದ ಮಳಿಗಾಲದಾಗ ಹಳೇ ಗ್ವಾಡಿ ಹಸಿ ಹಿಡೀತೈತಿ, ಬಾಕ್ಸ್ ಗ್ವಾಡಿಯಿಂದ ಒಂದು ಇಂಚು ದೂರ ಇರಲಿ. ನೆಲಕ್ಕ ನೀರು ಹೊಡದು ತೊಳಿಯೋ ಮನಿ ಆದ್ರ ಬಾಕ್ಸ್ 4 ಇಂಚಿನ ಪ್ಲಾಸ್ಟಿಕ್ ಕಾಲಿನ ಮ್ಯಾಲ ನಿಲ್ಲಿಸ್ರಿ.

ಸಿಂಕ್ ಕೆಳಗ ಬಾಕ್ಸ್ ಮಾಡಬ್ಯಾಡ್ರಿ. ಕಡಪಾ ಹಂಗ ಇರಲಿ, ಮುಂದ ಪಿವಿಸಿ ಬೋರ್ಡಿನ ಬಾಗಿಲು ಸಾಕು.